ಸಿಹಿನಾಲಿಗೆಯ ಅಗ್ನಿಯಾ

ಹೆಲಿಕಾಪ್ಟರಿನ ರೆಕ್ಕೆಗಳು ಇನ್ನೂ ನಿಂತಿರಲಿಲ್ಲ. ಎದ್ದ ಹಿಮದ ಪುಡಿಗೆ ನಾಯಿಗಳು ಹುಚ್ಚೆದ್ದು ಬೊಗಳುತ್ತಿದ್ದವು.

ಅಗ್ನಿಯಾ ಒಂದು ಕೈಯಲ್ಲಿ ನಾಯಿಬಂಡಿಯ ಹಗ್ಗ ಬಿಗಿಹಿಡಿದು, ಇನ್ನೊಂದನ್ನು ಹುಬ್ಬಿಗೆ ಅಡ್ಡ ಇಟ್ಟುಕೊಂಡು ನೈಋತ್ಯದ ಕಡೆ ನೋಡಿದಳು. ಹೆಪ್ಪುಗಟ್ಟಿ ಮಲಗಿದ್ದ ಇಂಡಿಗಿರ್ಕಾ ನದಿಯ ಆಚೆ ಬೂದಿಬಣ್ಣದ ಒಂದು ಗೆರೆ. ಅವಳು ನೋಡುತ್ತಿರುವಾಗಲೇ ಅದು ಎರಡು ಬೆರಳು ದಪ್ಪವಾಯಿತು.

ಶಾಲೆಯ ಹೊಸ ಪುಸ್ತಕದ ಪೆಟ್ಟಿಗೆಗಳು ಇನ್ನೂ ಇಳಿದಿಲ್ಲ. ಬಂಡಿಯ ಮೇಲೆ ಎಂಬತ್ತು ದಾಟಿದ ಮೆಲಾನ್ಯಾ ಅಜ್ಜಿ ಕೂತಿದ್ದಾಳೆ. ಹೆಲಿಕಾಪ್ಟರ್ ಬಂದ ದಿನ ಅವಳನ್ನು ಮನೆಯಲ್ಲಿ ಕೂರಿಸುವವರು ಇನ್ನೂ ಹುಟ್ಟಿಲ್ಲ. ಪೈಲಟ್ ನೋಡಿದರೆ ಆರಾಮಾಗಿ ಸಿಗರೇಟು ಹುಡುಕುತ್ತಿದ್ದಾನೆ.

"ಬೇಗ ಇಯಿಸಿ," ಅಂತ ಅವಳು ಗಂಟಲು ಹರಿಯುವಂತೆ ಕೂಗಿದಳು. "ಶೆಯೊನಿಕ್ ಬಯ್ತಿದೆ. ಶೆಯೊನಿಕ್..."

"ಯಾರು ಯಾರನ್ನ ಬಯ್ತಿದಾರೆ ಅಗ್ನಿಯಾ ಗವ್ರೀಲೊವ್ನಾ?" ಪೈಲಟ್ ಕೇಳಿದ.

ಆಗ ಗೊತ್ತಾಯಿತು ಅವಳಿಗೆ, ತನ್ನ ಬಾಯಿಂದ ಏನು ಬಂತು ಎಂದು.

ಹೆಲಿಕಾಪ್ಟರಿನ ಬಾಗಿಲಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ ಎತ್ತರದ ಅಪರಿಚಿತನೊಬ್ಬ ಅವಳನ್ನೇ ನೋಡುತ್ತಿದ್ದ. ನೋಡುನೋಡುತ್ತಲೇ ಅವನು ನಕ್ಕ. ಮುಗುಳ್ನಗೆಯಲ್ಲ. ತಲೆ ಹಿಂದಕ್ಕೆ ಎಸೆದು ಹೊಟ್ಟೆಯೊಳಗಿಂದ ಬಂದ ನಗು. ನಕ್ಕು ನಕ್ಕು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ.

ಊರಿನ ಅರ್ಧ ಜನ ಅಲ್ಲೇ ನಿಂತಿದ್ದರು.

ಅಗ್ನಿಯಾ ತುಟಿ ಕಚ್ಚಿಕೊಂಡು ಪುಸ್ತಕದ ಪೆಟ್ಟಿಗೆಗಳನ್ನು ತಾನೇ ಇಳಿಸಿ ಬಂಡಿಗೆ ಬಿಗಿದಳು. ನಾಯಿಗಳನ್ನು ಓಡಿಸಿಕೊಂಡು ಹೊರಟವಳು ಹಿಂತಿರುಗಿ ನೋಡಲಿಲ್ಲ. ಕೆನ್ನೆ ಉರಿಯುತ್ತಿದ್ದದ್ದು ಚಳಿಗೆ ಅಲ್ಲ.

ನಾಲ್ಕು ವರ್ಷ... ನಾಲ್ಕು ವರ್ಷದ ಶ್ರಮ ಒಂದೇ ಕೂಗಿಗೆ ಮಣ್ಣುಪಾಲಾಯಿತಲ್ಲ.

ಕೊಸ್ಮಿನೊ ಊರಿನ ಹಳಬರ ನಾಲಿಗೆಗೆ ರ, ಲ, ಳ ಯಾವುದೂ ಹತ್ತುವುದಿಲ್ಲ. ಎಲ್ಲವೂ ಬಾಯಲ್ಲಿ ಬೆಣ್ಣೆಯಂತೆ ಕರಗಿ 'ಯ' ಆಗಿ ಹೊರಬರುತ್ತವೆ. ಸುತ್ತಲಿನವರು ಇದನ್ನು ಸಿಹಿನಾಲಿಗೆ ಅನ್ನುತ್ತಾರೆ. ಕೆಲವರು ಅಕ್ಕರೆಯಿಂದ, ಕೆಲವರು ಅಣಕಿಸಲು. ಆಡುವುದು ರಷ್ಯನ್ ಭಾಷೆಯೇ, ಆದರೆ ಯಾವುದೋ ಕಾಲದ ರಷ್ಯನ್. ನೈಋತ್ಯದ ಗಾಳಿಗೆ ಅವರು ಶೆಲೊನಿಕ್ ಎನ್ನುತ್ತಾರೆ, ಮೀನಿನ ಸಾರಿಗೆ ಶ್ಚೆರ್ಬಾ, ಚೆಂದಕ್ಕೆ ಬಾಸ್ಕೋ. ನೂರಾರು ವರ್ಷಗಳ ಹಿಂದೆ ಪಡುವಣ ಸಮುದ್ರದ ಕಡೆಯಿಂದ ದೋಣಿಗಳಲ್ಲಿ ಬಂದವರಂತೆ ಅವರ ಹಿರಿಯರು. ಆ ದೋಣಿಯಲ್ಲಿ ತಂದ ಮಾತನ್ನೇ ಇನ್ನೂ ಆಡುತ್ತಿದ್ದಾರೆ. ಮೆಲಾನ್ಯಾ ಅಜ್ಜಿಯ ಮಾತನ್ನೆಲ್ಲ ಅವಳು ಆಡಿದ ಹಾಗೆಯೇ ಬರೆದರೆ ಓದುವವರಿಗೆ ಕಷ್ಟ, ಹಾಗಾಗಿ ಈ ಕಥೆಯಲ್ಲಿ ಅಲ್ಲಲ್ಲಿ ಮಾತ್ರ ಆ ಸಿಹಿ.

ಅಗ್ನಿಯಾ ನಗರದ ಕಾಲೇಜಿಗೆ ಹೋದ ಮೊದಲ ವಾರವೇ ಹುಡುಗಿಯರು ಅವಳನ್ನು ಸುತ್ತುವರಿದು, "ಅಗ್ನಿಯಾ, ಒಂದೇ ಒಂದು ಸಲ 'ರೊಟ್ಟಿ' ಅನ್ನು," ಎಂದು ಗೋಗರೆದಿದ್ದರು. ಅವಳು ಅಂದಿದ್ದಳು. ಆ ನಗು ವರ್ಷಪೂರ್ತಿ ಅವಳ ಬೆನ್ನು ಬಿಡಲಿಲ್ಲ. ಆಮೇಲೆ ಅವಳು ದಿನಾ ಕನ್ನಡಿ ಮುಂದೆ ಕೂತು, ನಾಲಿಗೆಯ ಕೆಳಗೆ ಚಮಚದ ಹಿಡಿ ಇಟ್ಟುಕೊಂಡು ಒಂದೊಂದೇ ಅಕ್ಷರ ತಿದ್ದಿದಳು. ತರಗತಿಗೇ ಮೊದಲಿಗಳಾಗಿ, ಅದೇ ರಷ್ಯನ್ ಭಾಷೆಯ ಟೀಚರ್ ಆಗಿ ಊರಿಗೆ ಮರಳಿದಳು.

ಈಗ ಆರು ವರ್ಷದಿಂದ ಊರಿನ ಮಕ್ಕಳ ನಾಲಿಗೆ ತಿದ್ದುತ್ತಿದ್ದಾಳೆ. ತನಗಾದದ್ದು ಅವರಿಗೆ ಆಗಬಾರದು. ಅಷ್ಟೇ.

ಮರುದಿನ ಶಾಲೆಯ ಬಾಗಿಲು ಸದ್ದಾಯಿತು. ಅದೇ ಎತ್ತರದ ಮನುಷ್ಯ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಅಗ್ನಿಯಾ ಗವ್ರೀಲೊವ್ನಾ ಅಂದ್ರೆ ನೀವೇ ಅಲ್ವಾ? ನಾನು ಯೆಫಿಮ್. ಹವಾಮಾನ ಕೇಂದ್ರಕ್ಕೆ ಹೊಸದಾಗಿ ಬಂದಿದ್ದೀನಿ. ನಿನ್ನೆ ನೀವು ಅಂದ್ರಲ್ಲ, ಆ ಮಾತು..."

"ನೈಋತ್ಯದ ಗಾಳಿ ಬರ್ತಿದೆ ಅಂದೆ." ಕಲ್ಲಿನ ಮೇಲೆ ಕೊರೆದ ಹಾಗೆ ಒಂದೊಂದು ಅಕ್ಷರ.

"ಅಲ್ಲ, ನೀವು ಬೇರೆ ಏನೋ ಅಂದ್ರಿ. ಅದನ್ನ ಇನ್ನೊಂದ್ಸಲ..."

ಇನ್ನೊಂದ್ಸಲ ಅನ್ನು ಅಗ್ನಿಯಾ, ಒಂದೇ ಒಂದು ಸಲ. ಕಾಲೇಜಿನ ಪಡಸಾಲೆ ಅವಳ ಕಣ್ಣ ಮುಂದೆ ಬಂತು.

"ಇದು ಶಾಲೆ. ನಗಬೇಕು ಅನ್ನಿಸಿದ್ರೆ ಊರಲ್ಲಿ ಕ್ಲಬ್ ಇದೆ, ಶನಿವಾರ ತೆರೀತಾರೆ," ಎಂದು ಬಾಗಿಲು ಹಾಕಿದಳು.

ಬಾಗಿಲ ಆಚೆ ಬಹಳ ಹೊತ್ತು ಹೆಜ್ಜೆ ಸದ್ದು ಕೇಳಲಿಲ್ಲ. ಅವನು ಅಲ್ಲೇ ನಿಂತಿದ್ದ. ಇವಳೂ ಒಳಗೆ ಅಲ್ಲೇ ನಿಂತಿದ್ದಳು... ಯಾಕೆ ನಿಂತೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಶಾಲೆಯ ಬಾಗಿಲು ಮುಚ್ಚಿದರೇನು, ಮನೆಯ ಬಾಗಿಲು ತೆಗೆಯುವವಳು ಅಜ್ಜಿ.

ಒಂದು ವಾರದ ಮೇಲೆ ಅಗ್ನಿಯಾ ಮನೆಗೆ ಬಂದರೆ ಯೆಫಿಮ್ ಒಲೆಯ ಪಕ್ಕದಲ್ಲೇ ಕೂತು, ಮೀಸೆಗೆಲ್ಲ ಸಾರು ಮಾಡಿಕೊಂಡು ಉಣ್ಣುತ್ತಿದ್ದ.

"ಸೌದೆ ಒಡೆದು ಕೊಟ್ಟ ಮಗಾ," ಅಂದಳು ಅಜ್ಜಿ. "ಏನು ಕೊಡ್ಲಿ ಅಂದ್ರೆ ಶ್ಚೆಯ್ಬಾ ಕೊಡಿ ಅಂದ. ತಾನಾಗೇ ಆ ಹೆಸರು ಹೇಳಿ ಕೇಳ್ದ ನೋಡು."

"ಯಾರ ಹತ್ರಾನೋ ಕೇಳಿ ಕಲ್ತಿರ್ತಾರೆ," ಅಂದಳು ಅಗ್ನಿಯಾ.

ಯೆಫಿಮ್ ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಸುಮ್ಮನೆ ಎದ್ದು, ತಟ್ಟೆ ತೊಳೆದಿಟ್ಟು ಹೋದ.

ಮಾರನೇ ವಾರವೂ ಬಂದ. ಅದರ ಮಾರನೇ ವಾರವೂ. ಅಂಚೆ ಮನೆಯ ಸರ್ದಾನಾ, ಅಗ್ನಿಯಾಳ ಗೆಳತಿ, ಆ ನಾಡಿನ ಮೂಲ ಜನರಾದ ಸಾಖಾ ಕುಲದವಳು, ಕಾಗದ ಹಂಚುತ್ತ ಕಣ್ಣು ಮಿಟುಕಿಸಿದಳು.

"ಗಾಳಿ ಅಳೆಯೋಕೆ ಅಂತ ಸರ್ಕಾರ ಕಳಿಸಿದ್ರೆ ಆ ಮನುಷ್ಯ ನಿಮ್ಮನೆ ದಾರಿ ಅಳೀತಿದ್ದಾನಲ್ಲೇ."

"ಅಜ್ಜಿ ಹತ್ರ ಬರ್ತಾನೆ. ನನಗೇನು?"

"ಎಂಬತ್ತೆರಡು ವರ್ಷದವಳನ್ನ ನೋಡೋಕೆ ಯಾರೂ ಗಡ್ಡ ಬೋಳಿಸ್ಕೊಂಡು ಬರಲ್ಲ."

ಅಗ್ನಿಯಾ ಅವಳಿಗೆ ಕಾಗದದ ಕಟ್ಟು ಎತ್ತಿ ಹೊಡೆದಳು. ಆದರೆ ದಾರಿಯಲ್ಲಿ ಒಬ್ಬಳೇ ಬರುವಾಗ ತನ್ನ ತುಟಿಯಂಚು ಮೇಲೇರಿದ್ದು ಅವಳಿಗೇ ತಿಳಿಯಿತು.

ಆ ನಗು ಮನೆ ಬಾಗಿಲವರೆಗೆ ಮಾತ್ರ ಉಳಿಯಿತು. ಯೆಫಿಮ್ ಬಂದು ಹೋಗಿದ್ದ. ಮೇಜಿನ ಮೇಲೆ ಅವನ ನೋಟುಪುಸ್ತಕ ಮರೆತು ಬಿಟ್ಟಿದ್ದ.

ತೆರೆಯಬಾರದಿತ್ತು. ತೆರೆದಳು.

ಪುಟ ತುಂಬ ಅಜ್ಜಿಯ ಪದಗಳು. ಒಂದೊಂದರ ಪಕ್ಕ ಅರ್ಥ, ಅಜ್ಜಿ ಅದನ್ನು ಉಚ್ಚರಿಸಿದ ರೀತಿ. ಮೊದಲ ಪುಟದ ತುದಿಯಲ್ಲಿ, ಅವನು ಬಂದಿಳಿದ ದಿನದ ತಾರೀಖಿನ ಕೆಳಗೆ, ಒಂದೇ ಸಾಲು: 'ಅಗ್ನಿಯಾ. ಶೆಯೊನಿಕ್.' ಅಡಿಗೆರೆ ಬೇರೆ ಎಳೆದಿದ್ದ.

ಇದಕ್ಕೇನಾ ವಾರವಾರ ಬರುತ್ತಿದ್ದದ್ದು? ಅಜ್ಜಿಯ ಉಪ್ಪು ತಿಂದು, ಅವಳ ಮಾತನ್ನೇ ಪಟ್ಟಿ ಮಾಡಿ, ಎಲ್ಲೋ ಗೆಳೆಯರ ನಡುವೆ ಓದಿ ನಗಿಸೋದಕ್ಕಾ?

ಕೋಟಿನ ಗುಂಡಿಯನ್ನೂ ಹಾಕದೆ ಅವಳು ಹವಾಮಾನ ಕೇಂದ್ರಕ್ಕೆ ನಡೆದಳು. ಯೆಫಿಮ್ ಗಾಳಿಕಂಬದ ಬುಡದಲ್ಲಿ ನಿಂತು ಏನೋ ಬರೆದುಕೊಳ್ಳುತ್ತಿದ್ದ. ಅವಳು ನೋಟುಪುಸ್ತಕವನ್ನು ಅವನ ಎದೆಗೆ ಒತ್ತಿದಳು.

"ತಗೊಳ್ಳಿ. ಇನ್ನೂ ಎಷ್ಟು ಪುಟ ಬಾಕಿ? ನಮ್ಮಜ್ಜಿ ಬದುಕಿರೋವಾಗ್ಲೇ ಮುಗಿಸ್ಕೊಳ್ಳಿ. ನಿಮ್ಮೂರಲ್ಲಿ ಓದಿ ನಗಿಸೋಕೆ ಬೇಕಲ್ಲ."

"ನಮ್ಮೂರಲ್ಲಿ ಇದನ್ನ ಓದಿದ್ರೆ ಯಾರೂ ನಗಲ್ಲ ಅಗ್ನಿಯಾ ಗವ್ರೀಲೊವ್ನಾ. ಇದೇನು ದಿನಾ ಆಡೋ ಮಾತು ಬರ್ಕೊಂಡಿದ್ದೀಯ ಅಂತಾರೆ."

ಪುಸ್ತಕ ಒತ್ತಿಹಿಡಿದಿದ್ದ ಅವಳ ಕೈ ಕೆಳಗಿಳಿಯಿತು.

"ನಮ್ಮೂರು ಮೆಜೆನ್. ಬಿಳಿ ಸಮುದ್ರದ ದಂಡೆ. ಇಲ್ಲಿಂದ ನಾಲ್ಕು ಸಾವಿರ ಕಿಲೋಮೀಟರ್‌ಗೂ ಮೇಲೆ ಆಗುತ್ತೆ. ನಮ್ಮಜ್ಜ ನೈಋತ್ಯದ ಗಾಳಿಗೆ ಶೆಲೊನಿಕ್ ಅಂತಿದ್ದ. ಮೀನಿನ ಸಾರಿಗೆ ಶ್ಚೆರ್ಬಾ ಅಂತಿದ್ದ."

ಗಾಳಿಕಂಬದ ಬಟ್ಟಲುಗಳು ಮೇಲೆ ಗಿರಗಿರ ತಿರುಗುತ್ತಿದ್ದವು. ಯೆಫಿಮ್ ಅವಳ ಕಡೆ ನೋಡದೆ ಮಾತಾಡಿದ.

"ನಮ್ಮ ಕಡೆಯವರು ಮಾತಿಗೆಲ್ಲ ಓ, ಓ ಅಂತ ಎಳೀತೀವಿ. ಹವಾಮಾನದ ಓದಿಗೆ ಪಟ್ಟಣಕ್ಕೆ ಹೋದಾಗ ಹುಡುಗರು ನನ್ನ ಕಂಡ್ರೆ ಹಸು ಕೂಗಿದ ಹಾಗೆ ಕೂಗೋರು. ಒಂದೇ ವರ್ಷಕ್ಕೆ ಬಿಟ್ಟುಬಿಟ್ಟೆ, ಒಂದು ಪದಾನೂ ಉಳಿಸ್ಲಿಲ್ಲ. ಆಮೇಲೆ ಅಜ್ಜನಿಗೆ ಹುಷಾರಿಲ್ಲ ಅಂತ ಹೋದೆ. ಕಣ್ಣು ಹೋಗಿತ್ತು ಅವನಿಗೆ. ಹೊರಗೆ ಯಾವ ಗಾಳಿ ಮಗಾ ಅಂತ ಕೇಳ್ದ. ನಾನು ಪುಸ್ತಕದಲ್ಲಿದ್ದ ಹಾಗೆ ಹೇಳ್ದೆ, ನೈಋತ್ಯ ಗಾಳಿ, ಸೆಕೆಂಡಿಗೆ ಎಂಟು ಮೀಟರ್."

"ಆಮೇಲೆ?"

"ಯಾರೋ ಹೊರಗಿನೋರು ಬಂದಿದ್ದಾರೆ, ಚಾ ಕೊಡಿ ಅಂತ ಅಮ್ಮನಿಗೆ ಹೇಳ್ದ. ಗೋಡೆ ಕಡೆ ತಿರುಗಿ ಮಲಗ್ದ. ಎರಡು ದಿನ ಇದ್ದ ಅಷ್ಟೇ, ನಾನು ಯಾರು ಅಂತ ಅವನಿಗೆ ಗೊತ್ತಾಗ್ಲೇ ಇಲ್ಲ."

ಅಗ್ನಿಯಾ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು.

"ಒಂಬತ್ತು ವರ್ಷ ಆಯ್ತು. ಆ ಪದ ಸತ್ತೇಹೋಯ್ತು ಅಂದ್ಕೊಂಡಿದ್ದೆ. ಹೆಲಿಕಾಪ್ಟರ್ ಬಾಗಿಲು ತೆಗೀತಿದ್ದ ಹಾಗೆ ಯಾರೋ ಒಬ್ಬಳು ಹುಡುಗಿ ನಾಯಿ ಹಿಡ್ಕೊಂಡು ನಮ್ಮಜ್ಜನ ಗಾಳೀನ ಕೂಗ್ತಿದ್ದಾಳೆ..." ಅವನು ಉಸಿರೆಳೆದುಕೊಂಡ. "ನಗದೆ ಏನ್ಮಾಡ್ಲಿ? ನಾನು ನಕ್ಕಿದ್ದು ಮಾತ್ರ ನೀವು ನೋಡಿದ್ರಿ. ಅತ್ತಿದ್ದು ನೋಡ್ಲಿಲ್ಲ."

ತೋಳಿನಿಂದ ಮುಖ ಒರೆಸಿಕೊಂಡದ್ದು ಅವಳಿಗೆ ನೆನಪಾಯಿತು.

ಕ್ಷಮಿಸಿ ಎನ್ನಬೇಕಿತ್ತು ಅವಳು. ಬಾಯಿಗೆ ಬಂದೂ ಇತ್ತು. ಆದರೆ ಅಷ್ಟರಲ್ಲಿ ಅವನೇ ಅಂದ, "ಶಾಲೆಯಲ್ಲಿ ನೀವು ಮಕ್ಕಳ ಮಾತು ತಿದ್ದೋದು ಕೇಳಿಸ್ಕೊಂಡೆ. ದಯವಿಟ್ಟು ಹಾಗೆ ಮಾಡ್ಬೇಡಿ. ನಾಳೆ ಅಜ್ಜಿ ಗಾಳಿ ಯಾವುದು ಅಂತ ಕೇಳಿದ್ರೆ ಉತ್ತರ ಕೊಡೋರು ಯಾರು?"

ಅದು ಅವಳ ಹುಣ್ಣಿಗೇ ತಾಗಿತು. ಹತ್ತು ವರ್ಷದ ಬದುಕು ತಪ್ಪು ಎಂದು ಒಂದೇ ಮಾತಿನಲ್ಲಿ ಹೇಳಿದ ಹಾಗಾಯಿತು.

"ಬರೋ ತಿಂಗಳು ನನ್ನ ಪಾಠ ನೋಡೋಕೆ ತಪಾಸಣೆಯವರು ಬರ್ತಿದ್ದಾರೆ. ಒಪ್ಪಿದ್ರೆ ಜಿಲ್ಲಾ ಕೇಂದ್ರದ ದೊಡ್ಡ ಶಾಲೆಗೆ ಹೋಗ್ತೀನಿ. ನನ್ನ ಮಕ್ಕಳನ್ನ ಯಾರೂ ನೋಡಿ ನಗಬಾರದು ಅಂತ ಇಷ್ಟು ವರ್ಷ ಜೀವ ತೇಯ್ದಿದ್ದೀನಿ. ನೀವು ನಿಮ್ಮಜ್ಜನಿಗೆ ಮಾಡಿದ್ದನ್ನ ನನ್ನ ತಲೆಗೆ ಕಟ್ಬೇಡಿ."

ಯೆಫಿಮನ ಮುಖ ಬಿಳಿಚಿತು. ಅವನು ತಲೆಯಾಡಿಸಿದ, ನೋಟುಪುಸ್ತಕ ಜೇಬಿಗೆ ಹಾಕಿಕೊಂಡು ಒಳಗೆ ಹೋದ.

ಆಡಿದ ಮಾತು ಬಿಟ್ಟ ಬಾಣ. ಅಗ್ನಿಯಾ ಅಲ್ಲೇ ಸ್ವಲ್ಪ ಹೊತ್ತು ನಿಂತಳು, ಬಾಗಿಲು ತಟ್ಟುವ ಧೈರ್ಯ ಸಾಲದೆ ಮನೆಗೆ ಬಂದಳು.

ಆಮೇಲೆ ಯೆಫಿಮ್ ಅಜ್ಜಿಯ ಮನೆಗೆ ಬರಲಿಲ್ಲ.

ಏಪ್ರಿಲ್ ಕೊನೆಗೆ ತಪಾಸಣೆಯವರು ಬಂದರು. ಮುಖ್ಯಸ್ಥೆ ಕಲೇರಿಯಾ ಪಾವ್ಲೊವ್ನಾ. ಬೆಳ್ಳಿಕೂದಲು, ಬಿಗಿ ತುಟಿ, ಒಳ್ಳೆಯ ಹೆಸರಿದ್ದ ಹೆಂಗಸು. ತರಗತಿಯ ಹಿಂದಿನ ಬೆಂಚುಗಳಲ್ಲಿ ಊರಿನವರು ಕೂತಿದ್ದರು. ಅಜ್ಜಿ ಪೆಟ್ಟಿಗೆಯ ತಳದಿಂದ ತೆಗೆದ ಹೂವಿನ ಶಾಲು ಹೊದ್ದು ಬಂದಿದ್ದಳು. ಅಗ್ನಿಯಾಳ ಕಣ್ಣು ಇನ್ನೊಬ್ಬನನ್ನು ಹುಡುಕಿತು. ಇರಲಿಲ್ಲ.

ಪಾಠ ಹೂವು ಎತ್ತಿದ ಹಾಗೆ ಸಾಗಿತು. ಕೊನೆಗೆ ಕಲೇರಿಯಾ ಪಾವ್ಲೊವ್ನಾ ತಾವೇ ಒಂದು ಪ್ರಶ್ನೆ ಕೇಳುತ್ತೇನೆ ಎಂದರು. ಮುಂದಿನ ಸಾಲಿನ ಒಂಬತ್ತು ವರ್ಷದ ಲೂಷಾಳನ್ನು ಎಬ್ಬಿಸಿ ನಿಲ್ಲಿಸಿದರು.

"ನಿಮ್ಮ ನದಿ ಹೇಗಿದೆ, ಹೇಳಮ್ಮ."

ಲೂಷಾ ಕಿಟಕಿಯಾಚೆ ನೋಡಿದಳು. ಹಿಮದ ಮೇಲೆ ಬಿಸಿಲು ಕೋರೈಸುತ್ತಿತ್ತು. ಅವಳ ಮುಖ ಅರಳಿತು.

"ನಮ್ಮ ನದಿ ಬಾಸ್ಕೋ."

"ಏನು?"

"ಬಾಸ್ಕೋ... ತುಂಬಾ ಬಾಸ್ಕೋ."

"ಅಂಥ ಪದ ರಷ್ಯನ್ ಭಾಷೆಯಲ್ಲಿ ಇಲ್ಲ," ಅಂದರು ಕಲೇರಿಯಾ ಪಾವ್ಲೊವ್ನಾ. ಗದರಿಸಲಿಲ್ಲ. ಲೆಕ್ಕ ತಿದ್ದಿದ ಹಾಗೆ ಅಂದರು. "ಸರಿಯಾದ ಪದ ಹೇಳು."

ಲೂಷಾಳ ಬಾಯಿ ಮುಚ್ಚಿಕೊಂಡಿತು. ಕತ್ತಿನಿಂದ ಕಿವಿಯವರೆಗೆ ಕೆಂಪೇರಿತು. ಅವಳು ತನ್ನ ಟೀಚರಿನ ಕಡೆ ನೋಡಿದಳು.

ಅಗ್ನಿಯಾಳಿಗೆ ಆ ನೋಟ ಗೊತ್ತಿತ್ತು. ಕನ್ನಡಿಯಲ್ಲಿ ನಾಲ್ಕು ವರ್ಷ ನೋಡಿದ್ದಳು.

ಈ ಮಗುವಿಗೆ ಈಗ ನಾನು ಏನು ಹೇಳಲಿ? ನಿನ್ನ ನದಿ ಚೆಂದ ಅನ್ನೋದಕ್ಕೆ ನಿನ್ನ ಮುತ್ತಜ್ಜಿ ಕೊಟ್ಟ ಪದ ಸುಳ್ಳು ಅಂತಲಾ? ಯಾರೂ ನಗಬಾರದು ಅಂತ ತಿದ್ದಿದೆ, ತಿದ್ದಿದೆ... ಕೊನೆಗೆ ಈ ಕೆಂಪು ಕಿವಿಯನ್ನ ನಾನೇ ತಂದೆನಲ್ಲ.

ಹಿಂದಿನ ಬೆಂಚಿನಲ್ಲಿ ಅಜ್ಜಿ ಶಾಲಿನ ಅಂಚು ಹಿಡಿದು ತಲೆ ತಗ್ಗಿಸಿದ್ದಳು. ಮೆಲಾನ್ಯಾ ಅಜ್ಜಿ ತಲೆ ತಗ್ಗಿಸಿದ್ದನ್ನು ಅಗ್ನಿಯಾ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಇದೆ, ಕಯೇಯಿಯಾ ಪಾವ್ಯೊವ್ನಾ," ಅಂದಳು ಅಗ್ನಿಯಾ.

ಲೂಷಾಳ ಕಣ್ಣು ಅಗಲವಾಯಿತು. ಟೀಚರು ಮನೆಯವರ ಹಾಗೆ ಮಾತಾಡುತ್ತಿದ್ದಾರೆ.

ಅವಳು ತನ್ನ ಊರಿನ ನಾಲಿಗೆಯಲ್ಲೇ, ನಿಧಾನವಾಗಿ, ಒಂದು ಅಕ್ಷರವನ್ನೂ ತಿದ್ದಿಕೊಳ್ಳದೆ ಮಾತಾಡಿದಳು. ಗೋಡೆಯ ದೊಡ್ಡ ಭೂಪಟದ ಮುಂದೆ ನಿಂತು ಬಿಳಿ ಸಮುದ್ರದ ಮೇಲೆ ಬೆರಳಿಟ್ಟಳು. ಇಲ್ಲಿ, ಮೆಜೆನ್‌ನಲ್ಲಿ, ಮೀನುಗಾರರು ನೈಋತ್ಯದ ಗಾಳಿಗೆ ಶೆಲೊನಿಕ್ ಅನ್ನುತ್ತಾರೆ ಎಂದಳು. ಬೆರಳು ಇನ್ನೂ ಪಡುವಣಕ್ಕೆ ಸರಿಯಿತು. ಇಲ್ಲಿ, ನೊವ್ಗೊರೊದ್ ಹತ್ತಿರ, ಶೆಲೊನ್ ಎಂಬ ನದಿ ಇದೆ. ಗಾಳಿಗೆ ಹೆಸರು ಬಂದದ್ದು ಆ ನದಿಯಿಂದ ಅನ್ನುತ್ತಾರೆ. ಯೆಫಿಮ್ ತನ್ನ ಅಜ್ಜನ ಗಾಳಿಯ ವಿಷಯ ಹೇಳಿದ ಮೇಲೆ ಅವಳು ಶಾಲೆಯ ಪುಸ್ತಕಗಳನ್ನೆಲ್ಲ ಕೆದಕಿ ಇದನ್ನು ಹುಡುಕಿದ್ದಳು. ಆಮೇಲೆ ಬೆರಳು ಇಡೀ ಉತ್ತರದ ಕಡಲಂಚನ್ನು ಸವರಿಕೊಂಡು ಬಂದು ಇಂಡಿಗಿರ್ಕಾದ ಬಾಯಲ್ಲಿ ನಿಂತಿತು.

"ಇಲ್ಲಿ ಕೂತಿರೋ ಯಾರೂ ಆ ನದಿ ನೋಡಿಲ್ಲ," ಅಂದಳು. "ನಮ್ಮ ಹಿರಿಯರು ದೋಣಿಯಲ್ಲಿ ಏನೇನು ತಂದ್ರೋ ಎಲ್ಲ ಮುರೀತು, ಕೊಳೀತು, ಕಳೀತು. ಮಾತು ಮಾತ್ರ ಉಳೀತು. ದಾರಿಯಲ್ಲಿ ಸಾಖಾ ಜನ ಕೊಟ್ಟ ಪದಗಳನ್ನೂ ಸೇರಿಸ್ಕೊಂಡು ಉಳಿಸ್ಕೊಂಡ್ವಿ. ಲೂಷಾ ಹೇಳಿದ ಪದ ನಿಮ್ಮ ಪುಸ್ತಕ ಅಚ್ಚಾಗೋಕೆ ಮುಂಚಿಂದ ಇರೋದು. ನಗರದ ಭಾಷೆ ಈ ಮಕ್ಕಳಿಗೆ ಚೆನ್ನಾಗಿ ಬರುತ್ತೆ, ಈಗ ತಾನೇ ನೀವೇ ನೋಡಿದ್ರಿ. ಅದರ ಜೊತೆಗೆ ಇದೂ ಬರುತ್ತೆ. ಅದು ಹೆಚ್ಚಿನ ಓದು, ತಪ್ಪಲ್ಲ."

ಸೀಮೆಸುಣ್ಣ ತೆಗೆದು ಹಲಗೆಯ ಮೇಲೆ ದೊಡ್ಡದಾಗಿ ಬರೆದಳು: ಬಾಸ್ಕೋ.

"ಲೂಷಾ, ಓದು."

ಲೂಷಾ ಓದಿದಳು. ಹಿಂದಿನಿಂದ ಸರ್ದಾನಾ ಚಪ್ಪಾಳೆ ತಟ್ಟಿದಳು. ಅಜ್ಜಿ ತಲೆ ಎತ್ತಿ, ಶಾಲು ಸರಿಮಾಡಿಕೊಂಡು, ರಾಣಿಯ ಹಾಗೆ ಸುತ್ತ ನೋಡಿದಳು.

ಕಲೇರಿಯಾ ಪಾವ್ಲೊವ್ನಾ ಕನ್ನಡಕ ತೆಗೆದು ಒರೆಸಿದರು. "ನೀವು ಧೈರ್ಯಸ್ಥೆ," ಅಂದರು. "ಆದರೆ ನಾನು ಇದನ್ನ ವರದಿಯಲ್ಲಿ ಬರೀಲೇಬೇಕಾಗುತ್ತೆ."

"ಬರೀರಿ. ಪದದ ಕಾಗುಣಿತ ಹಲಗೆ ಮೇಲಿದೆ."

ತರಗತಿ ಬಿಟ್ಟದ್ದೇ ತಡ, ಅಗ್ನಿಯಾ ಹವಾಮಾನ ಕೇಂದ್ರದ ಕಡೆ ಓಡಿದಳು. ಅವನಿಗೆ ಹೇಳಬೇಕು. ಎಲ್ಲಕ್ಕಿಂತ ಮೊದಲು ಆ ಕೆಟ್ಟ ಮಾತಿಗೆ ಕ್ಷಮೆ ಕೇಳಬೇಕು...

ಸರ್ದಾನಾ ಅವಳ ಹಿಂದೆಯೇ ಓಡಿಬಂದು ತೋಳು ಹಿಡಿದಳು. "ಅಗ್ನಿಯಾ, ನಿಲ್ಲೇ. ಅವನಿಲ್ಲ ಅಲ್ಲಿ. ಬೆಳಿಗ್ಗೆ ತಪಾಸಣೆಯವರು ಇಳಿದ ಹೆಲಿಕಾಪ್ಟರ್‌ನಲ್ಲೇ ಹೊರಟುಹೋದ. ರಜೆ ಹಾಕಿ ಊರಿಗೆ."

"ಯಾವಾಗ ಬರ್ತಾನಂತೆ?"

ಸರ್ದಾನಾ ಅವಳ ತೋಳು ಸವರಿದಳು. "ಸಾಮಾನೆಲ್ಲ ತಗೊಂಡು ಹೋದ," ಅಂತ ಮಾತ್ರ ಅಂದಳು.

ಆರು ವಾರ ಕಳೆಯಿತು. ಹೆಬ್ಬಾತುಗಳು ಬಂದವು. ನದಿಯ ಮಂಜುಗಡ್ಡೆ ಗುಡುಗಿನ ಸದ್ದಿನೊಂದಿಗೆ ಒಡೆದು ಸಮುದ್ರದ ಕಡೆ ಹೊರಟಿತು. ಸೂರ್ಯ ಮುಳುಗುವುದನ್ನೇ ಬಿಟ್ಟ.

ವರದಿಯೂ ಬಂತು. ಪಾಠ ಉತ್ತಮ, ಆದರೆ ತರಗತಿಯಲ್ಲಿ ಸ್ಥಳೀಯ ಮಾತಿಗೆ ಅವಕಾಶ ಕೊಡುತ್ತಾರೆ ಎಂದಿತ್ತು. ದೊಡ್ಡ ಶಾಲೆಯ ಕೆಲಸ ಬೇರೆಯವರಿಗೆ ಹೋಗಿತ್ತು. ಅಗ್ನಿಯಾ ಅದನ್ನು ಅಜ್ಜಿಗೆ ಓದಿ ಹೇಳಿದಳು.

"ಅವಕಾಶ ಕೊಡ್ತಾಯೆ ಅಂತ ಬಯ್ದಿದ್ದಾಯಾ?" ಅಜ್ಜಿ ಕೇಳಿದಳು. "ಸಯಿಯಾಗೇ ಬಯ್ದಿದ್ದಾಯೆ ಬಿಡು."

ಅಗ್ನಿಯಾಳಿಗೆ ಆ ಕೆಲಸ ಹೋದದ್ದಕ್ಕೆ ಒಂದು ಹನಿಯೂ ದುಃಖವಾಗಲಿಲ್ಲ. ಶಾಲೆಯಲ್ಲಿ ಈಗ ದಿನಾ ಕೊನೆಯ ಗಂಟೆ ಮನೆಮಾತಿನದು. ಮಕ್ಕಳು ಅಜ್ಜಿಯರನ್ನು ಕಾಡಿ ಬೇಡಿ ಪದ ಹೊತ್ತು ತರುತ್ತಿದ್ದರು. ಬೀದಿಯಲ್ಲಿ ಅವಳು ತಲೆ ಎತ್ತಿ, ತನ್ನ ಸಿಹಿನಾಲಿಗೆಯಲ್ಲೇ ಮಾತಾಡುತ್ತ ನಡೆಯುತ್ತಿದ್ದಳು.

ಒಂದೇ ಕೊರಗು. ಇದನ್ನು ನೋಡಬೇಕಾದವನು ನೋಡಲಿಲ್ಲ.

ಜೂನ್ ನಡುವೆ ವರ್ಷದ ಮೊದಲ ದೋಣಿ ಬಂತು. ಅಗ್ನಿಯಾ ದಂಡೆಯಲ್ಲಿ ಅಜ್ಜಿಯ ಬಲೆ ತೊಳೆಯುತ್ತಿದ್ದಳು. ಮುಖ ಎತ್ತಿದಾಗ ಎದುರಿಗೆ ಎರಡು ಕೆಸರಿನ ಬೂಟು. ಅದರ ಮೇಲೆ ಯೆಫಿಮ್.

"ನೀವು..." ಅಂದಳು. ಬಲೆ ಕೈ ಜಾರಿತು. "ಸಾಮಾನೆಲ್ಲ ತಗೊಂಡು ಹೋದ್ರಿ ಅಂದ್ರು."

"ಒಂದು ಚೀಲ ಇದ್ದಿದ್ದು. ಅದನ್ನ ಬಿಟ್ಟು ಹೋಗೋದು ಹೇಗೆ?"

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಎರಡನ್ನೂ ನುಂಗಿದಳು. "ಆವತ್ತು ನಾನು ಅಂದ ಮಾತು... ನಿಮ್ಮಜ್ಜನ ವಿಷಯ. ನನ್ನ ನಾಲಿಗೆ ಸುಟ್ಟುಹೋಗಬೇಕಿತ್ತು."

"ನಿಜಾನೇ ಅಂದ್ರಿ. ಅದಕ್ಕೇ ಹೋಗಿದ್ದು." ಅವನು ಬಾಗಿ ಬಲೆ ಎತ್ತಿಕೊಟ್ಟ. "ಅಜ್ಜನ ಸಮಾಧಿ ಹತ್ರ ಹೋಗಿ ಕೂತೆ. ಮೂರು ದಿನ ಕಾದೆ, ಸರಿಯಾದ ಗಾಳಿ ಬೀಸೋವರೆಗೂ. ಆಮೇಲೆ ಅಜ್ಜಾ, ಶೆಲೊನಿಕ್ ಬಂತು ಅಂದೆ. ಒಂಬತ್ತು ವರ್ಷ ತಡ ಆಯ್ತು, ಆದ್ರೂ ಹೇಳ್ದೆ."

ನೀರು ದಡಕ್ಕೆ ಬಡಿಯುತ್ತಿತ್ತು.

"ಸರ್ದಾನಾ ಕಾಗದ ಬರೆದಿದ್ಲು," ಅಂದ ಅವನು. "ಭೂಪಟದ ಮುಂದೆ ನೀವು ನಿಂತಿದ್ದು, ಹಲಗೆ ಮೇಲೆ ಬರೆದಿದ್ದು, ಎಲ್ಲ. ನಮ್ಮೂರಲ್ಲಿ ಆ ಕಾಗದ ಹನ್ನೊಂದು ಮನೇಲಿ ಓದ್ಸಿದ್ರು. ನಮ್ಮ ಪರಸ್ಕೋವ್ಯಾ ಅಜ್ಜಿ, ಅಜ್ಜನ ತಂಗಿ, ಎರಡು ಸಲ ಓದ್ಸಿದ್ಲು. ಅವಳು ನಿಮ್ಮಜ್ಜಿಗೆ ಒಂದು ವಸ್ತು ಕಳಿಸಿದ್ದಾಳೆ. ಬನ್ನಿ."

ಚೀಲದಿಂದ ಅವನು ತೆಗೆದದ್ದು ಟೇಪ್ ರೆಕಾರ್ಡರ್. ಮೆಲಾನ್ಯಾ ಅ‍ಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಗುಂಡಿ ಒತ್ತಿದ. ಕೊರಕೊರ ಸದ್ದಿನ ನಡುವಿನಿಂದ ಒಂದು ಮುದಿ ದನಿ ಬಂತು, ಓಕಾರ ಎಳೆದು ಎಳೆದು.

"ಅಕ್ಕೋ... ನಾನು ಮೆಜೆನ್‌ನಿಂದ ಪರಸ್ಕೋವ್ಯಾ ಮಾತಾಡ್ತಿದ್ದೀನೋ. ಈ ಹುಡುಗ ಒಂದು ಡಬ್ಬಿ ಮುಂದಿಟ್ಟು ಮಾತಾಡು ಅಂತಾನೋ. ಡಬ್ಬಿ ಜೊತೆ ಏನು ಮಾತಾಡ್ಲೋ. ಇವತ್ತು ಬೆಳಿಗ್ಗೆಯಿಂದ ಶೆಲೊನಿಕ್. ಮೊಣಕಾಲು ನೋವೋ. ಶ್ಚೆರ್ಬಾ ಕಾಯಿಸಿ ಕುಡಿದೆ. ನಿಮ್ಮಲ್ಲಿ ಹೇಗೋ?"

ಮೆಲಾನ್ಯಾ ಅಜ್ಜಿ ಬಾಗಿ ಡಬ್ಬಿಯ ಹತ್ತಿರ ಬಾಯಿಟ್ಟಳು. ಅವಳ ಕಣ್ಣು ತುಂಬಿತ್ತು.

"ನಮ್ಮಯ್ಯೂ ಅದೇ ಗಾಯಿ ತಂಗೀ. ನನಗೂ ಮೊಣಕಾಯು ನೋವು. ಬಾತುಕೋಯಿ ಕೊಬ್ಬು ಹಚ್ಕೋ."

"ಅಜ್ಜಿ, ಅವರಿಗೆ ಕೇಳಲ್ಲ, ಅದು ಬರೀ ಟೇಪು," ಅಂದಳು ಅಗ್ನಿಯಾ.

"ನಂಗೆ ಗೊತ್ತು. ಸುಮ್ನಿಯು."

ಎರಡು ಮುದುಕಿಯರು, ಒಬ್ಬರ ಮುಖ ಒಬ್ಬರು ಕಾಣದವರು, ಬೇಲಿಯ ಆಚೀಚೆ ನಿಂತ ನೆರೆಯವರ ಹಾಗೆ ಮಾತಾಡಿದರು. ಮೀನು, ಹಲ್ಲು, ಸತ್ತ ಗಂಡಂದಿರು. ಒಂದು ಪದವೂ ಇಬ್ಬರಲ್ಲಿ ಒಬ್ಬರಿಗೂ ಅಡ್ಡ ಬರಲಿಲ್ಲ. ಅಗ್ನಿಯಾ ಗೋಡೆಗೆ ಒರಗಿ ಕೇಳುತ್ತಿದ್ದಳು. ಇಂಥದ್ದನ್ನ ನಾನು ನಾಚಿಕೆ ಅಂತ ಬಚ್ಚಿಟ್ಟಿದ್ದೆನಲ್ಲ, ಅನ್ನಿಸಿತು ಅವಳಿಗೆ. ಇಡೀ ಉತ್ತರದ ಕಡಲು ಇದರ ಅಂಗಳ.

"ಇನ್ನೊಂದು ವಿಷಯ ಅಕ್ಕೋ," ಅಂದಿತು ಟೇಪು. "ನಿನ್ನ ಹತ್ರ ಒಂದು ಹೆಣ್ಣಿದೆ. ನನ್ನ ಹತ್ರ ಒಂದು ಗಂಡಿದೆ. ಇವನು ಬಂದಾಗಿನಿಂದ ಅವಳ ಹೆಸರು ಬಿಟ್ಟು ಬೇರೆ ಮಾತಾಡಿಲ್ವೋ. ಕುಡಿಯಲ್ಲ, ಬಲೆ ಹೆಣೀತಾನೆ, ಗೊರಕೆ ಮಾತ್ರ..."

ಯೆಫಿಮ್ ಧಡಕ್ಕನೆ ಎದ್ದು ಗುಂಡಿ ಒತ್ತಲು ಹೋದ. ಕಿವಿಯವರೆಗೆ ಕೆಂಪಾಗಿದ್ದ. "ಇದು ನಾನಿಲ್ಲದಾಗ ಯಾವಾಗ ಹೇಳಿದ್ಲೋ..."

ಅಜ್ಜಿ ಅವನ ಕೈಗೆ ಚಟ್ಟನೆ ಹೊಡೆದಳು. "ಕೈ ತೆಗಿ. ದೊಡ್ಡೋಯು ಮಾತಾಡ್ತಿದ್ದೀವಿ."

"...ಗೊರಕೆ ಮಾತ್ರ ಅವರಜ್ಜನದೇ. ಒಪ್ಪಿದ್ರೆ ಹೇಳಿ ಕಳಿಸೋ ಅಕ್ಕೋ." ಟೇಪು ಕೊರಕೊರ ಎಂದು ನಿಂತಿತು.

ಅಜ್ಜಿ ಎದ್ದು, ಬೇಡದ ಬಕೆಟ್ಟೊಂದನ್ನು ಕೈಗೆತ್ತಿಕೊಂಡು, ನೀರು ತರುತ್ತೇನೆಂದು ಹೊರಗೆ ಹೋದಳು.

"ಅಗ್ನಿಯಾ," ಅಂದ ಯೆಫಿಮ್. ಮೊದಲ ಸಲ ಬರೀ ಹೆಸರು. ಅವನ ಮಾತಿನಲ್ಲಿ ಮೆಜೆನ್ನಿನ ಎಳೆತ ಮರಳಿ ಬಂದಿತ್ತು. "ಅವಳು ಕೇಳಿದ್ದು ಇರ್ಲೋ. ನಾನು ಕೇಳ್ತೀನೋ. ಆ ನಾಯಿ ಹಗ್ಗ ಹಿಡ್ಕೊಂಡು ಕೂಗಿದ್ಯಲ್ಲ, ಆವತ್ತೇ ನಾನು ನಿನ್ನವನಾಗಿಬಿಟ್ಟೆ. ನನ್ನ ಜೊತೆ ಇರ್ತೀಯಾ?"

ಅವಳು ಟೇಪಿನ ಕ್ಯಾಸೆಟ್ಟನ್ನು ಹೊರಗೆ ತೆಗೆದು ತಿರುಗಿಸಿ ನೋಡಿದಳು.

"ಇದರ ಇನ್ನೊಂದು ಪಕ್ಕ ಖಾಲಿ ಇದ್ಯಾ?"

"ಇದೆ."

ಅವಳು ಅದನ್ನು ಮಗುಚಿ ಹಾಕಿದಳು. ಯಾವ ಗುಂಡಿ ಎಂದು ಕಣ್ಣಲ್ಲೇ ಕೇಳಿದಳು, ಅವನು ಒತ್ತಿದ.

"ಪಯಸ್ಕೋವ್ಯಾ ಅಜ್ಜಿ, ನಾನು ಅಗ್ನಿಯಾ," ಅಂದಳು. "ನಿಮ್ಮ ಗಂಡು ನಂಗೆ ಒಪ್ಪಿಗೆ."

"ಜೋರಾಗಿ ಹೇಳು," ಅಂದ ಯೆಫಿಮ್. "ಅವಳಿಗೆ ಕಿವಿ ಮಂದ."

"ಒಪ್ಪಿಗೆ ಅಜ್ಜಿ."

"ಇನ್ನೂ ಜೋರಾಗಿ."

ಅಗ್ನಿಯಾ ಎದೆ ತುಂಬ ಉಸಿರು ಎಳೆದುಕೊಂಡಳು. "ನಿಮ್ಮ ಯೆಫಿಮ್ ಅಂದ್ಯೆ ನಂಗೆ ಪ್ಯಾಣ ಅಜ್ಜಿ," ಎಂದು ಕೂಗಿದಳು. ದಂಡೆಯಲ್ಲಿ ಬಲೆ ಹಾಕುತ್ತಿದ್ದವರು ಕತ್ತು ತಿರುಗಿಸಿದರು. ಹೊರಗೆ ಬಕೆಟ್ಟು ನೆಲಕ್ಕೆ ಬಿದ್ದ ಸದ್ದಾಯಿತು.

ಅವಳು ಗುಂಡಿ ನಿಲ್ಲಿಸಿ ಅವನ ಕಡೆ ತಿರುಗಿದಳು. ಕಣ್ಣಲ್ಲಿ ನೀರು, ಮುಖದ ತುಂಬ ಬೆಳಕು.

"ನಿಂಗೆ ಕೇಯಿಸ್ತಾ?"

"ಇಲ್ಲ," ಅಂದ ಯೆಫಿಮ್, ಅವಳ ಎರಡೂ ಕೈ ಹಿಡಿದುಕೊಂಡು. "ಇನ್ನೊಂದ್ಸಲ ಹೇಳು."